ಋಣವೂ ರಿಕ್ಥವೂ

(ಪಕ್ಷಮಾಸದ ನಿಮಿತ್ತ ದೇವನೂರಿನಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



ಭಾದ್ರಪದ ಬಹುಳ ಪಕ್ಷವು ಪಿತೃಗಳಿಗೆ ಮೀಸಲೆಂಬುದನ್ನು ತಮಗೆ ಹೊಸದಾಗಿ ಹೇಳಬೇಕಾಗಿಲ್ಲ. ಹುಟ್ಟುವಾಗಲೇ ಬ್ರಾಹ್ಮಣನು ಋಷಿಗಳಿಗೆ, ದೇವತೆಗಳಿಗೆ, ಪಿತೃಗಳಿಗೆ ಋಣಿಯಾಗಿ ಹುಟ್ಟುತ್ತಾನೆಂದು ತೈತ್ತಿರೀಯ ಸಂಹಿತೆಯು ಹೇಳುತ್ತದೆ. ಮಹಾಭಾರತದ ಆದಿಪರ್ವದಲ್ಲಿ ಪಾಂಡುರಾಜನು ಈ ಮೂರಕ್ಕೆ ನಾಲ್ಕನೆಯದೊಂದನ್ನು ಸೇರಿಸುತ್ತಾನೆ, ಅದು ಮನುಷ್ಯಋಣ. ಮೊದಲಿನ ಮೂರನ್ನು ಕುರಿತು ಪ್ರತಿವರ್ಷವೂ ಈ ಪಕ್ಷದಲ್ಲಿ ಉಪನ್ಯಾಸಗಳು ನಡೆಯುತ್ತವೆ. ನಾಲ್ಕನೆಯದರ ಒಂದು ಭಾಗ ಮಾತ್ರ ಉಪನ್ಯಾಸಕ್ಕೆ ಬರುವುದು ಕಡಮೆ. ತೀರಿಹೋದವರು ಬಿಟ್ಟುಹೋದ ಸಾಲ, ಅಂದರೆ ಪ್ರೋನೋಟಿನ ಸಾಲ, ಸಹಕಾರ ಸಂಘದ ಸಾಲ, ಅಂಗಡಿಯ ಬಾಕಿ, ಇವೇ ಆ ಭಾಗ. ಶ್ರಾದ್ಧದ ಮನೆಯಲ್ಲಿ ಇವುಗಳ ಮಾತು ಅಡುಗೆಮನೆಯ ಬಾಗಿಲ ಹಿಂದೆ ಪಿಸುಮಾತಾಗಿ ನಡೆಯುತ್ತದೆಯೇ ಹೊರತು ಹೊರಗೆ ಬರುವುದಿಲ್ಲ. ಇಂದು ಅದನ್ನು ಹೊರಗೆ ತರೋಣವೆಂದು ನನ್ನ ಅಪೇಕ್ಷೆ.

ನಮ್ಮ ಸಂಪ್ರದಾಯದಲ್ಲಿ ಈ ವಿಷಯಕ್ಕೆ ಮೊದಲ ಆಧಾರ ಬಹಳ ದೂರದಲ್ಲಿಲ್ಲ. ಶ್ರೀಮದಾಚಾರ್ಯರ ಬಾಲ್ಯದಲ್ಲಿಯೇ ಇದೆ. ನಾರಾಯಣ ಪಂಡಿತಾಚಾರ್ಯರು ಸುಮಧ್ವವಿಜಯದಲ್ಲಿ ವರ್ಣಿಸಿರುವ ಬಾಲಲೀಲೆಗಳಲ್ಲಿ ಎತ್ತಿನ ಸಾಲದ ಪ್ರಸಂಗವೊಂದು. ಪಾಜಕದಲ್ಲಿ ಮಧ್ಯಗೇಹ ಭಟ್ಟರು ಎತ್ತೊಂದನ್ನು ಸಾಲವಾಗಿ ಕೊಂಡಿದ್ದರು. ಹಣ ಸಕಾಲದಲ್ಲಿ ಒದಗಲಿಲ್ಲ. ಕೊಟ್ಟವನು ಬಂದು ಬಾಗಿಲಲ್ಲಿ ಕುಳಿತ. ಬಾಕಿ ತೀರುವವರೆಗೆ ಭಟ್ಟರು ಊಟಕ್ಕೇಳುವಂತಿಲ್ಲ. ಆಗ ಇನ್ನೂ ಆಡುವ ವಯಸ್ಸಿನ ಮಗು ವಾಸುದೇವನು ಹುಣಸೇಬೀಜಗಳನ್ನು ತಂದು ಆ ಸಾಹುಕಾರನ ಕೈಯಲ್ಲಿಟ್ಟ. ಅವನು ಅದನ್ನೇ ಸಂದಾಯವೆಂದು ಸ್ವೀಕರಿಸಿ ಹೊರಟುಹೋದ. ಮುಂದೆ ತಂದೆಯು ಹಣ ಹೊಂದಿಸಿಕೊಂಡು ಕೊಡಹೋದಾಗ, ನಿಮ್ಮ ಮಗನಿಂದಲೇ ನನಗೆ ಎಲ್ಲವೂ ಬಂದಿದೆ ಎಂದು ಬೇಡವೆಂದ. ಬೀಜಗಳು ಚಿನ್ನವಾದವೆಂದು ಹರಿಕಥೆಗಳಲ್ಲಿ ಕೇಳುತ್ತೇವೆ.

ಚಿನ್ನದ ಮಾತು ಬಂದೊಡನೆ ನಾವು ಅಲ್ಲಿಯೇ ನಿಂತುಬಿಡುತ್ತೇವೆ. ಆದರೆ ಈ ಪ್ರಸಂಗದಲ್ಲಿ ಗಮನಿಸತಕ್ಕವು ಇನ್ನೂ ಎರಡಿವೆ. ತಂದೆ ಉಣ್ಣದೆ ಕುಳಿತಿರುವುದನ್ನು ಮನೆಯಲ್ಲಿ ಮೊದಲು ಕಂಡು ಎದ್ದುಬಂದದ್ದು ಮಗು. ಅದು ಒಂದು. ಮಗನ ಮಹಿಮೆಯಿಂದ ಸಾಲಗಾರನು ಎದ್ದುಹೋದ ಬಳಿಕವೂ ಮಧ್ಯಗೇಹ ಭಟ್ಟರು ಅಷ್ಟಕ್ಕೇ ಸುಮ್ಮನಾಗಲಿಲ್ಲ. ಹಣ ಕೈಗೆ ಬಂದ ಕೂಡಲೇ ಕೊಡಲು ತಾವಾಗಿ ಹೊರಟರು. ಇದು ಎರಡನೆಯದು. ಪವಾಡದಿಂದ ತೀರಿದ ಸಾಲವನ್ನೂ ನಾಣ್ಯದಿಂದ ತೀರಿಸಲು ಹೊರಟ ಗೃಹಸ್ಥನ ಮನೆಯಲ್ಲಿ ಆಚಾರ್ಯರು ಅವತರಿಸಿದರೆಂಬುದು ನನಗೆ ಬೀಜ ಚಿನ್ನವಾದುದಕ್ಕಿಂತ ಕಡಮೆಯದಾಗಿ ತೋರುವುದಿಲ್ಲ.

ಇನ್ನು ಪ್ರಕೃತಕ್ಕೆ ಬರೋಣ. ಮನೆಯ ಯಜಮಾನನು ಸಾಲವಿಟ್ಟು ತೀರಿಕೊಂಡಾಗ ಬಾಗಿಲಿಗೆ ಬಂದವನ ಎದುರು ನಿಲ್ಲುವವರು ಯಾರು? ಮಗನು ಬೆಂಗಳೂರಿನಲ್ಲಿಯೋ ಇನ್ನೂ ದೂರದಲ್ಲಿಯೋ ಇರುತ್ತಾನೆ. ಮಗಳು ಅತ್ತೆಮನೆಯಲ್ಲಿರುತ್ತಾಳೆ. ಬಾಗಿಲಲ್ಲಿ ಸಿಗುವವಳು ಆ ಮುದುಕಿಯೊಬ್ಬಳೇ. ಪತಿಯ ವ್ಯವಹಾರವನ್ನು ಆಕೆ ಎಂದೂ ನೋಡಿಲ್ಲ; ಕಾಗದ ಓದಲು ಕನ್ನಡಕ ಹುಡುಕಬೇಕು; ಮನಸ್ಸಿನಲ್ಲಿ ಮಾತ್ರ ಒಂದೇ ಶಂಕೆ, ಋಣದಲ್ಲಿ ಹೋದವರಿಗೆ ಗತಿ ಏನು ಎಂದು. ಈ ಶಂಕೆಯನ್ನು ಬಂಡವಾಳ ಮಾಡಿಕೊಳ್ಳುವವರು ಇದ್ದಾರೆ. ಆದುದರಿಂದ ಶಾಸ್ತ್ರವು ನಿಜವಾಗಿ ಏನು ಹೇಳುತ್ತದೆಂಬುದನ್ನು ತಿಳಿಯುವುದು ಆವಶ್ಯಕ.

ಹೆಂಡತಿಯು ಗಂಡನ ಸಾಲವನ್ನು ತೀರಿಸಬೇಕೇ ಎಂಬ ಪ್ರಶ್ನೆಯನ್ನು ಯಾಜ್ಞವಲ್ಕ್ಯ ಸ್ಮೃತಿಯು ಋಣಾದಾನ ಪ್ರಕರಣದಲ್ಲಿ ನೇರವಾಗಿ ಎತ್ತಿಕೊಂಡಿದೆ. ಅದಕ್ಕೆ ಮಿತಾಕ್ಷರಾ ಎಂಬ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರರು ನಮ್ಮ ಕನ್ನಡ ನಾಡಿನವರು. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ (1076–1126) ಆಳ್ವಿಕೆಯಲ್ಲಿ ಕಲ್ಯಾಣದಲ್ಲಿ, ಎಂದರೆ ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣದಲ್ಲಿ ಇದ್ದವರು. ಆಂಗ್ಲರ ಕಾಲದ ನ್ಯಾಯಾಲಯಗಳಿಂದ ಹಿಡಿದು ಭಾರತದ ಬಹುಭಾಗಕ್ಕೆ ಹಿಂದೂ ನ್ಯಾಯಶಾಸ್ತ್ರವನ್ನು ಒದಗಿಸಿದ ಗ್ರಂಥ ಅದು. ಆ ಸ್ಮೃತಿಯ ನಿರ್ಣಯವೆಂದರೆ, ಪತಿಯ ಸಾಲಕ್ಕಾಗಲಿ ಮಗನ ಸಾಲಕ್ಕಾಗಲಿ ಸ್ತ್ರೀಯು ಹೊಣೆಯಲ್ಲ. ಇದಕ್ಕೆ ಮೂರೇ ಅಪವಾದಗಳು. ತಾನು ಒಪ್ಪಿಕೊಂಡ ಸಾಲ, ಪತಿಯೊಡನೆ ಕೂಡಿ ಮಾಡಿದ ಸಾಲ, ಸ್ವತಃ ಮಾಡಿದ ಸಾಲ. ಇವಲ್ಲದೆ ಬೇರೆ ಯಾವುದನ್ನೂ ಆಕೆಯಿಂದ ಕೊಡಿಸತಕ್ಕದ್ದಲ್ಲ. ‘ಒಪ್ಪಿಕೊಂಡ’ ಎಂಬುದಕ್ಕೆ ಮಿತಾಕ್ಷರೆಯು ಕೊಡುವ ವಿವರಣೆ ಮನಸ್ಸನ್ನು ತಟ್ಟುವಂಥದು: ಮರಣೋನ್ಮುಖನಾದ ಅಥವಾ ದೂರ ಪ್ರಯಾಣಕ್ಕೆ ಹೊರಟ ಪತಿಯು ಇಂಥದನ್ನು ತೀರಿಸು ಎಂದು ನೇಮಿಸಿದಾಗ, ಆಗಲಿ ಎಂದು ಆಕೆ ಮಾತುಕೊಟ್ಟ ಸಾಲ.

ಹಾಗಾದರೆ ಸಾಲ ಯಾರ ಮೇಲೆ ಬೀಳುತ್ತದೆ? ರಿಕ್ಥವನ್ನು, ಎಂದರೆ ಸತ್ತವನ ಆಸ್ತಿಯನ್ನು, ಯಾರು ತೆಗೆದುಕೊಂಡರೋ ಅವರ ಮೇಲೆ. ಪುತ್ರಪೌತ್ರರಿಗೆ ಹೊಣೆಯುಂಟು, ಆದರೂ ಸುರೆ, ದ್ಯೂತ, ಕಾಮಗಳಿಗಾಗಿ ಮಾಡಿದ ಸಾಲವನ್ನೂ ದಂಡ ಸುಂಕಗಳ ಬಾಕಿಯನ್ನೂ ಮಗನು ತೀರಿಸಬೇಕಾಗಿಲ್ಲ. ತಾತನ ಸಾಲವನ್ನು ಮೊಮ್ಮಗನು ಬಡ್ಡಿಯಿಲ್ಲದೆ ಅಸಲನ್ನಷ್ಟೇ ಕೊಟ್ಟರೆ ಸಾಕೆಂಬ ಸ್ಮೃತಿವಚನವೂ ಇದೆ. ಬಡ್ಡಿಗೂ ಎಲ್ಲೆಯಿದೆ. ಹಣದ ಸಾಲದಲ್ಲಿ ಒಮ್ಮೆಗೇ ವಸೂಲು ಮಾಡುವ ಬಡ್ಡಿ ಅಸಲನ್ನು ಮೀರಕೂಡದೆಂದು ಮನುವೇ ವಿಧಿಸಿದ್ದಾನೆ. ದಾಮದುಪ್ಪಟ್ಟು ಎಂದು ಹಳೆಯ ವಕೀಲರು ಹೇಳುತ್ತಿದ್ದುದು ಇದನ್ನೇ.

ಇಂದಿನ ಕಾನೂನು ಇದರಿಂದ ಬಹಳ ದೂರ ಹೋಗಿಲ್ಲವೆಂಬುದು ಸೋಜಿಗ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 50 ಮತ್ತು 52ನೆಯ ಕಲಮುಗಳ ಪ್ರಕಾರ ಮೃತನ ವಾರಸುದಾರರು ಅವನ ಆಸ್ತಿ ತಮ್ಮ ಕೈಗೆ ಬಂದಷ್ಟರ ಮಟ್ಟಿಗೆ ಮಾತ್ರ ಸಾಲಕ್ಕೆ ಹೊಣೆ. ಆಚೆಗೆ ಅವರ ಸ್ವಂತ ಸಂಪಾದನೆಯನ್ನು ಮುಟ್ಟುವಂತಿಲ್ಲ. 60ನೆಯ ಕಲಮಿನಲ್ಲಿ ಜಪ್ತಿ ಮಾಡಬಾರದ ವಸ್ತುಗಳ ಪಟ್ಟಿಯಿದೆ. ಉಡುವ ಬಟ್ಟೆ, ಹಾಸಿಗೆ, ಅಡುಗೆಯ ಪಾತ್ರೆ, ಧರ್ಮಾಚಾರದಂತೆ ಸ್ತ್ರೀಯು ತೆಗೆದಿಡಲಾಗದ ಆಭರಣ ಅದರಲ್ಲಿ ಸೇರಿವೆ. ತಂದೆಯ ಸಾಲ ತೀರಿಸುವುದು ಮಗನ ಧಾರ್ಮಿಕ ಕರ್ತವ್ಯವೆಂಬ ಒಂದೇ ಕಾರಣದ ಮೇಲೆ ಮಗ, ಮೊಮ್ಮಗ, ಮರಿಮಗನ ವಿರುದ್ಧ ವಸೂಲಿಗೆ ಹೋಗುವ ಹಕ್ಕನ್ನು, ಹಿಂದೂ ಉತ್ತರಾಧಿಕಾರ ಕಾಯಿದೆಗೆ 2005ರಲ್ಲಿ ಆದ ತಿದ್ದುಪಡಿಯು, ಆ ವರ್ಷದ ಸೆಪ್ಟೆಂಬರ್ 9ರಿಂದ ಈಚಿನ ಸಾಲಗಳ ಮಟ್ಟಿಗೆ ತೆಗೆದುಹಾಕಿತು. ಇದನ್ನು ಕೇಳಿ ಕೆಲವು ಹಿರಿಯರು ಧರ್ಮವೇ ಹೋಯಿತೆಂದು ನೊಂದುಕೊಂಡರು. ನನಗೆ ಹಾಗೆ ತೋರುವುದಿಲ್ಲ. ಕೋರ್ಟಿನ ಅಮೀನನು ಬಂದು ಮಾಡಿಸುತ್ತಿದ್ದುದನ್ನು ಇನ್ನು ಮಗನು ತಾನಾಗಿ ಮಾಡಬೇಕು, ಅಷ್ಟೆ. ಪುಣ್ಯವಿರುವುದು ಹಾಗೆ ಮಾಡಿದುದರಲ್ಲಿಯೇ.

ಮೇಲಿನ ಶಾಸ್ತ್ರವೂ ಕಾನೂನೂ ಒಂದು ಮನೆಯಲ್ಲಿ ಹೇಗೆ ಇಳಿದುಬಂದವೆಂಬುದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ. ತರೀಕೆರೆಯ ಕಡೆಯ ಒಂದು ಗ್ರಾಮದಲ್ಲಿ ನನಗೆ ಸೋದರತ್ತೆಯಾಗಬೇಕಾದ ಒಬ್ಬರಿದ್ದಾರೆ, ಎಪ್ಪತ್ತನಾಲ್ಕು ವರ್ಷ. ಅವರ ಯಜಮಾನರು ಪೌರೋಹಿತ್ಯ ಮಾಡಿಕೊಂಡು, ಒಂದೂವರೆ ಎಕರೆ ತೆಂಗಿನ ತೋಟ ನೋಡಿಕೊಂಡಿದ್ದವರು. ಬೋರ್‌ವೆಲ್ ಮೂರು ಬಾರಿ ತೆಗೆಸಿ ಎರಡರಲ್ಲಿ ನೀರು ಕಾಣದೆ ಸಾಲವಾಯಿತು. ನಮ್ಮ ಸೀಮೆಯಲ್ಲಿ ಇದಕ್ಕಿಂತ ಹೆಚ್ಚಿನ ಕಾರಣ ಬೇಕಾಗುವುದಿಲ್ಲ. ವೈಕುಂಠ ಸಮಾರಾಧನೆಯ ಮರುದಿನ, ಇನ್ನೂ ಪಂಕ್ತಿಯ ಎಲೆಗಳ ರಾಶಿ ಹಿತ್ತಿಲಲ್ಲಿರುವಾಗಲೇ, ಬಡ್ಡಿಗೆ ಹಣ ಕೊಟ್ಟಿದ್ದ ಒಬ್ಬರು ಬಂದರು. ಸಮಾಧಾನದ ಮಾತಾಡಿ, ಕಾಫಿ ಕುಡಿದು, ಜೇಬಿನಿಂದ ಹೊಸ ಪ್ರೋನೋಟು ತೆಗೆದರು. ಹಳೆಯದರಲ್ಲಿ ಯಜಮಾನರ ಹೆಸರಿದೆ, ಈಗ ಹೆಸರು ಬದಲಾಯಿಸಬೇಕು ಅಷ್ಟೆ, ಇಲ್ಲೊಂದು ರುಜು ಹಾಕಿ ಎಂದರು. ಮೊಬಲಗು 3,40,000 ರೂಪಾಯಿ.

ಅತ್ತೆಯವರು ಪೆನ್ನು ಕೈಗೆ ತೆಗೆದುಕೊಂಡಿದ್ದರು. ನಾನು ಅಲ್ಲಿದ್ದೆ, “ಅತ್ತೆ, ಈವತ್ತು ಬೇಡಿ, ವರ್ಷಾಂತ್ಯದವರೆಗೆ ಸಮಯವಿದೆ, ಕಾಗದ ನೋಡೋಣ” ಎಂದೆ. ಬಂದವರಿಗೆ ಅದು ಹಿಡಿಸಲಿಲ್ಲ. ಅವರು ಹೋದ ಮೇಲೆ ಅತ್ತೆಯವರು ಕೇಳಿದ ಪ್ರಶ್ನೆ ಈ ಉಪನ್ಯಾಸಕ್ಕೇ ಮೂಲ: “ಅವರು ಸಾಲ ಹೊತ್ತುಕೊಂಡೇ ಹೋದರಲ್ಲೋ ಮಗೂ. ನಾವು ಪಿಂಡ ಇಟ್ಟರೆ ಅವರಿಗೆ ಮುಟ್ಟುತ್ತದೆಯೇ?”

ಒಂದು ರುಜುವಿನಿಂದ ಏನಾಗುತ್ತಿತ್ತೆಂಬುದನ್ನು ಬಲ್ಲವರು ಬಲ್ಲರು, ಅರಿಯದವರಿಗಾಗಿ ಹೇಳುತ್ತೇನೆ. ಪ್ರೋನೋಟಿನ ಸಾಲಕ್ಕೆ 1963ರ ಕಾಲಪರಿಮಿತಿ ಕಾಯಿದೆಯಂತೆ ಮೂರು ವರ್ಷದೊಳಗೆ ದಾವೆ ಹೂಡಬೇಕು. ಅವಧಿಯೊಳಗೆ ಸಾಲಗಾರನು ಬರಹದಲ್ಲಿ ಒಪ್ಪಿ ರುಜು ಮಾಡಿದರೆ, ಅಥವಾ ಭಾಗಶಃ ಕೊಟ್ಟು ಅದಕ್ಕೆ ತನ್ನ ಕೈಬರಹದ ಗುರುತಿದ್ದರೆ, ಮತ್ತೆ ಮೂರು ವರ್ಷ ಹೊಸದಾಗಿ ಎಣಿಕೆ. ಅವಧಿ ಮೀರಿದ ಸಾಲವನ್ನೂ ಕೊಡುತ್ತೇನೆಂದು ಬರೆದು ರುಜು ಮಾಡಿದರೆ ಕರಾರು ಕಾಯಿದೆಯ 25ನೆಯ ಕಲಮಿನಂತೆ ಅದು ಹೊಸ ಕರಾರೇ ಆಗುತ್ತದೆ. ಎಂದರೆ, ಪತಿಯ ಆಸ್ತಿಯ ಮಟ್ಟಿಗೆ ಮಾತ್ರ ನಿಂತಿದ್ದ ಸಾಲವು ಆ ಕ್ಷಣದಿಂದ ಆಕೆಯ ಸ್ವಂತ ಸಾಲ. ಸ್ಮೃತಿಯ ಮಾತಿನಲ್ಲಿ ಹೇಳುವುದಾದರೆ, ಹೊಣೆಯಲ್ಲದ ಸ್ತ್ರೀಯನ್ನು ಮೂರು ಅಪವಾದಗಳ ಒಳಕ್ಕೆ ಎಳೆದುಕೊಳ್ಳುವ ಉಪಾಯ ಅದು.

ಆಮೇಲಿನ ಒಂದು ವಾರ ಕಬ್ಬಿಣದ ಟ್ರಂಕಿನ ಮುಂದೆ ಕಳೆಯಿತು. ಯಜಮಾನರು ಲೆಕ್ಕದ ಪುಸ್ತಕವಿಟ್ಟವರಲ್ಲ. ಆದರೆ ಹಳೆಯ ಪಂಚಾಂಗಗಳನ್ನು ಎಸೆದವರೂ ಅಲ್ಲ. ತಿಥಿಗಳ ಪಕ್ಕದ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ, ಯಾವ ಏಕಾದಶಿಯ ಮುನ್ನಾದಿನ ಯಾರಿಗೆಷ್ಟು ಕೊಟ್ಟರೆಂದು ಬರೆದಿಟ್ಟಿದ್ದರು. ಅದರಿಂದ ತಿಳಿದದ್ದು: ಆ ಪ್ರೋನೋಟಿನ ಅಸಲು 80,000. ಬಡ್ಡಿ ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ. ಒಂಬತ್ತು ವರ್ಷದ ಬಡ್ಡಿಯನ್ನು ಕೂಡಿಸಿ 3,40,000 ಎಂದಿದ್ದರು. ನಡುವೆ ಸಂದಾಯವಾದ 1,10,000ದ ಸುದ್ದಿಯೇ ಅವರ ಲೆಕ್ಕದಲ್ಲಿರಲಿಲ್ಲ. ಪಂಚಾಂಗದಲ್ಲಿದ್ದ ಕೊನೆಯ ಗುರುತು ಯಜಮಾನರ ಮರಣಕ್ಕೆ ನಾಲ್ಕು ವರ್ಷ ಹಿಂದಿನದು. ಇದಲ್ಲದೆ ಸಹಕಾರ ಸಂಘದಲ್ಲಿ ಬೆಳೆಸಾಲ, ಬ್ಯಾಂಕಿನಲ್ಲಿ ಅತ್ತೆಯವರದೇ ಬಳೆಗಳ ಮೇಲೆ ಯಜಮಾನರ ಹೆಸರಿನ ಚಿನ್ನದ ಸಾಲ, ಕಿರಾಣಿ ಅಂಗಡಿಯ ಬಾಕಿ ಇಷ್ಟಿದ್ದವು.

ಇಂಥ ಸಮಯದಲ್ಲಿ ನಾವು ಯಾರನ್ನು ನೆನೆಯಬೇಕು? ವೈನತೇಯನನ್ನು. ತಾಯಿ ವಿನತೆಯು ಪಣದಲ್ಲಿ ಸೋತು ಕದ್ರುವಿಗೆ ದಾಸಿಯಾದಳು. ಮಾಡದ ತಪ್ಪಿಗೆ ಮಗನೂ ದಾಸನಾದ. ಆದಿಪರ್ವದಲ್ಲಿ ತಾಯಿಯ ಬಿಡುಗಡೆಗಾಗಿ ಗರುಡನು ಮಾಡಿದ ಮೊದಲ ಕೆಲಸ ಹಾರುವುದಲ್ಲ, ಕೇಳುವುದು. ಈ ದಾಸ್ಯ ಏಕೆ ಬಂತೆಂದು ತಾಯಿಯನ್ನು ಕೇಳಿದ. ಏನು ಕೊಟ್ಟರೆ ಬಿಡುತ್ತೀರೆಂದು ಸರ್ಪಗಳನ್ನು ಕೇಳಿದ. ಅಮೃತವನ್ನು ತಂದುಕೊಡಬೇಕೆಂಬ ಕರಾರು ಸ್ಪಷ್ಟವಾಗಿ ಅವುಗಳ ಬಾಯಿಂದಲೇ ಬಂದ ಮೇಲೆ ಹೊರಟ. ತಂದು ದರ್ಭೆಯ ಮೇಲಿಟ್ಟ, ತಾಯಿಯ ಬಿಡುಗಡೆಯನ್ನು ಅವುಗಳ ಬಾಯಲ್ಲಿ ಹೇಳಿಸಿದ. ಸರ್ಪಗಳು ಸ್ನಾನಕ್ಕೆ ಹೋದಾಗ ಇಂದ್ರನು ಬಂದು ಅಮೃತವನ್ನು ಒಯ್ದ. ಕರಾರಿಗಿಂತ ಒಂದು ಹನಿ ಹೆಚ್ಚು ಗರುಡನು ಕೊಡಲಿಲ್ಲ, ಒಂದು ಹನಿ ಕಡಮೆಯೂ ಮಾಡಲಿಲ್ಲ. ದೇವಾಲಯದ ಕಂಬದ ಮೇಲೆ ಕೈಮುಗಿದು ನಿಂತಿರುವ ಆ ಪಕ್ಷಿರಾಜನಿಂದ ವಿಧವೆ ತಾಯಂದಿರ ಮಕ್ಕಳು ಕಲಿಯಬೇಕಾದ ವ್ಯವಹಾರಜ್ಞಾನ ಇದೇ.

ಅದರಂತೆಯೇ ನಡೆದೆವು. ಮರಣಪತ್ರ, ವಂಶವೃಕ್ಷಗಳನ್ನು ಮಾಡಿಸಿ ಸಂಘಕ್ಕೂ ಬ್ಯಾಂಕಿಗೂ ಮರಣದ ವಿಷಯವನ್ನು ಬರಹದಲ್ಲಿ ತಿಳಿಸಿ, ಪ್ರತಿಯೊಂದಕ್ಕೂ ಬಾಕಿಯ ಲೆಕ್ಕ ಕೇಳಲಾಯಿತು. ಸಂಘದ ಬೆಳೆಸಾಲ ಗಡುವಿನೊಳಗೆ ತೀರಿದರಷ್ಟೇ ಬಡ್ಡಿರಹಿತ; ಗಡುವು ದಾಟಿದರೆ ಆ ಸವಲತ್ತಿಲ್ಲ. ದುಃಖದಲ್ಲಿ ಎಷ್ಟೋ ಮನೆಗಳವರು ಈ ಗಡುವನ್ನು ಮರೆಯುತ್ತಾರೆ. ಚಿನ್ನದ ಸಾಲಕ್ಕೆ ಹರಾಜಿನ ದಿನಾಂಕವನ್ನು ಮೊದಲು ವಿಚಾರಿಸಬೇಕು. ಅತ್ತೆಯವರು ಯಾವುದರಲ್ಲಿಯಾದರೂ ಜಾಮೀನು ಹಾಕಿದ್ದಾರೆಯೇ, ಜಂಟಿಯಾಗಿ ರುಜು ಮಾಡಿದ್ದಾರೆಯೇ ಎಂದು ನೋಡಿದೆವು. ಪುಣ್ಯವಶಾತ್ ಎಲ್ಲಿಯೂ ಇರಲಿಲ್ಲ. ಇದ್ದಿದ್ದರೆ ಕಥೆ ಬೇರೆ. ಆಗ ಆ ಸಾಲ ಆಕೆಯದೂ ಹೌದು.

ಕಡೂರಿನಲ್ಲಾಗಲಿ ತರೀಕೆರೆಯಲ್ಲಾಗಲಿ ನ್ಯಾಯಾಲಯದ ಆವರಣದಲ್ಲಿಯೇ ತಾಲ್ಲೂಕು ಕಾನೂನು ಸೇವಾ ಸಮಿತಿ ಇರುತ್ತದೆ. 1987ರ ಕಾಯಿದೆಯಂತೆ ಸ್ತ್ರೀಯರಿಗೆ ಅವರ ಆದಾಯವನ್ನು ನೋಡದೆ ಉಚಿತವಾಗಿ ವಕೀಲರ ನೆರವು ಸಿಗುತ್ತದೆ. ಇದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ಕೋರ್ಟು ಕಚೇರಿ ನಮ್ಮಂಥವರಿಗೆ ಅಲ್ಲವೆಂದು ಹೇಳಿಕೊಂಡು ಸಾಹುಕಾರನ ಬಾಯಿಲೆಕ್ಕಕ್ಕೆ ತಲೆಯೊಡ್ಡುವುದು ನಮ್ಮಲ್ಲಿ ಮರ್ಯಾದೆಯೆನಿಸಿದೆ. ಅಲ್ಲಿಯ ವಕೀಲರು ಪ್ರೋನೋಟಿನ ಪ್ರತಿ ನೋಡಿ, ಕಾಲಪರಿಮಿತಿ ಮೀರಿದೆ, ಕೋರ್ಟಿಗೆ ಹೋದರೆ ಅವರಿಗೆ ಏನೂ ದಕ್ಕದು. ಬಡ್ಡಿ ವ್ಯವಹಾರಕ್ಕೆ 1961ರ ಕಾಯಿದೆಯಂತೆ ಬೇಕಾದ ಲೈಸೆನ್ಸೂ ಅವರಿಗಿದ್ದಂತಿಲ್ಲ ಎಂದರು. ಬಾಗಿಲಿಗೆ ಬಂದು ಪೀಡಿಸುವುದರ ಬಗೆಗೂ ಹೇಳಿದರು. ಸಾಲಗಾರರನ್ನೂ ಅವರ ಕುಟುಂಬದವರನ್ನೂ ಬಲಾತ್ಕರಿಸಿ ವಸೂಲು ಮಾಡುವುದನ್ನು ತಡೆಯಲು ಕರ್ನಾಟಕ ಸರ್ಕಾರವು 2025ರ ಫೆಬ್ರವರಿಯಲ್ಲಿ ತಂದ ಸುಗ್ರೀವಾಜ್ಞೆಯಲ್ಲಿ ಹತ್ತು ವರ್ಷದವರೆಗೆ ಸೆರೆ, ಐದು ಲಕ್ಷದವರೆಗೆ ದಂಡದ ಶಿಕ್ಷೆಯಿದೆ. ಬಳಿಕ ಅದು ವಿಧಾನಮಂಡಲದ ಅಂಗೀಕಾರ ಪಡೆಯಿತು.

ಇದೆಲ್ಲವನ್ನೂ ವಿವರಿಸಿದಾಗ ಅತ್ತೆಯವರ ಮುಖದಲ್ಲಿ ಗೆಲುವು ಕಾಣಲಿಲ್ಲ. “ಕೋರ್ಟಿಗೆ ಬೇಡವಾದರೆ ಏನಾಯಿತು, ಅವರಿಗೆ ಬೇಕಲ್ಲವೇನೋ?” ಎಂದರು. ‘ಅವರಿಗೆ’ ಎಂದರೆ ತೀರಿಹೋದ ಯಜಮಾನರಿಗೆ. ಇಲ್ಲಿ ವಕೀಲರ ಮಾತು ಮುಗಿದು ನಮ್ಮ ಕೆಲಸ ಪ್ರಾರಂಭವಾಗುತ್ತದೆ. ಕಾಲಪರಿಮಿತಿಯು ದಾವೆಯ ದಾರಿಯನ್ನು ಮುಚ್ಚುತ್ತದೆ, ಕೊಂಡದ್ದನ್ನು ಕೊಳ್ಳಲಿಲ್ಲವೆಂದು ಮಾಡುವುದಿಲ್ಲ. ಆದುದರಿಂದ ಧರ್ಮದೃಷ್ಟಿಯಿಂದ ಆಕೆಯ ಪ್ರಶ್ನೆ ನ್ಯಾಯವಾದುದೇ. ನಾನು ಮಿತಾಕ್ಷರೆಯ ಅಭಿಪ್ರಾಯವನ್ನು ತಿಳಿಯಹೇಳಿ, “ಅತ್ತೆ, ಮಾವನವರು ಕೊನೆಯ ದಿನಗಳಲ್ಲಿ ಇಂಥವರಿಗೆ ಕೊಡು ಎಂದು ನಿಮಗೇನಾದರೂ ಹೇಳಿದ್ದರೇ?” ಎಂದು ಕೇಳಿದೆ. ಅವರು ಬಹಳ ಹೊತ್ತು ಯೋಚಿಸಿದರು. ಆಸ್ಪತ್ರೆಗೆ ಹೊರಡುವ ಮುನ್ನ ಒಂದೇ ಮಾತು ಹೇಳಿದ್ದರಂತೆ. ಕಾಯಿ ಕೀಳುವವನ ಎರಡು ಕೀಳಿನ ಕೂಲಿ ನಿಂತಿದೆ, ಕೊಟ್ಟುಬಿಡು ಎಂದು. ಈಕೆ ಹೂಂ ಎಂದಿದ್ದರು. ಆಮೇಲೆ ಆದ ಗಡಿಬಿಡಿಯಲ್ಲಿ ಅದು ಹಿಂದೆ ಬಿದ್ದಿತ್ತು. 2,400 ರೂಪಾಯಿ.

ಮಹಾಶಯರೇ, ಅಷ್ಟೊಂದು ಕಾಗದಗಳ ನಡುವೆ, ವಿಜ್ಞಾನೇಶ್ವರರು ಹೇಳಿದ ಅರ್ಥದಲ್ಲಿ ಆ ತಾಯಿಯು ಒಪ್ಪಿಕೊಂಡಿದ್ದ ಸಾಲ ಇದೊಂದೇ. ಇದಕ್ಕೆ ಕಾಗದವಿರಲಿಲ್ಲ, ಸಾಕ್ಷಿಯಿರಲಿಲ್ಲ. ಕೇಳಲು ಯಾರೂ ಬಾಗಿಲಿಗೆ ಬಂದಿರಲಿಲ್ಲ. ಸಾವಿನ ಮನೆಯಲ್ಲಿ ಕೇಳಬಾರದೆಂದು ಕಾಯಿ ಕೀಳುವವನು ದೂರದಲ್ಲಿಯೇ ಇದ್ದ. ಮರುದಿನ ಅತ್ತೆಯವರು ತಮ್ಮ ಪಿಂಚಣಿಯ ಹಣದಲ್ಲಿ, ಬೇರೆ ಯಾರ ಕೈಯಿಂದಲೂ ಅಲ್ಲದೆ ತಾವೇ ಅವನನ್ನು ಕರೆಸಿ ಕೊಟ್ಟರು.

ಮಹಾಭಾರತದ ಆಶ್ವಮೇಧಿಕ ಪರ್ವದಲ್ಲಿ ಒಂದು ಸಂದರ್ಭವಿದೆ. ನಮ್ಮ ದೇವನೂರಿನ ಲಕ್ಷ್ಮೀಶ ಕವಿಯು ಯಾವ ಯಾಗದ ಕಥೆಯಿಂದ ಕನ್ನಡಿಗರ ಮನೆಮಾತಾದನೋ, ಆ ಯಾಗಕ್ಕೆ ಮುಂಚಿನದು. ಯುದ್ಧದಿಂದ ಬೊಕ್ಕಸ ಬರಿದಾಗಿದೆ. ಅಶ್ವಮೇಧಕ್ಕೆ ಧನ ಬೇಕು. ಅಧೀನರಾಜರಿಂದ ಪಡೆಯುವ ಹಕ್ಕು ಧರ್ಮರಾಜನಿಗಿದೆ. ಆದರೆ ಆ ರಾಜರೆಲ್ಲ ಈಗ ತಂದೆಯರನ್ನು ಕಳೆದುಕೊಂಡ ಹುಡುಗರು. ಗಾಯದ ಹಸಿ ಇನ್ನೂ ಆರದವರನ್ನು ಹಣ ಕೇಳಲು ತನಗೆ ಮನಸ್ಸು ಬಾರದೆಂದು ಆತನು ವ್ಯಾಸರ ಮುಂದೆ ಹೇಳುತ್ತಾನೆ. ಹಿಮಾಲಯದಲ್ಲಿ ಮರುತ್ತನು ಬಿಟ್ಟುಹೋದ ಧನವನ್ನು ವ್ಯಾಸರು ತೋರಿಸಿದ್ದು ಆ ಮಾತಿನ ಅನಂತರ. ಅಂದು ಚಕ್ರವರ್ತಿಯೂ ಕೇಳದೆ ನಿಂತ. ನಮ್ಮ ಆ ಗ್ರಾಮದಲ್ಲಿ ಹಾಗೆ ಕೇಳದೆ ನಿಂತವನು ಕಾಯಿ ಕೀಳುವವನು; ಪಂಕ್ತಿಯ ಎಲೆ ಒಣಗುವ ಮುನ್ನ ಪ್ರೋನೋಟು ಹಿಡಿದು ಬಂದವರು ಸಹ ಶ್ರೀಹರಿಯ ಭಕ್ತರೇ, ಪ್ರತಿ ಶನಿವಾರ ದೇವಸ್ಥಾನಕ್ಕೆ ತಪ್ಪದೆ ಬರುವವರು. ಇದಕ್ಕಿಂತ ಹೆಚ್ಚು ಹೇಳಲಾರೆ.

ಉಳಿದುದನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಹಿಂದೂ ಉತ್ತರಾಧಿಕಾರದಂತೆ ತೋಟವೂ ಮನೆಯೂ ಪತ್ನಿ, ಮಗ, ಮಗಳು ಮೂವರಿಗೆ ಸಮಪಾಲು. ಆದುದರಿಂದ ಸಾಲವೂ ಆ ರಿಕ್ಥವನ್ನೇ ಹಿಂಬಾಲಿಸುತ್ತದೆ, ಮುದುಕಿಯನ್ನಲ್ಲ. ಮಗನು ಮೊದಲು ತೋಟ ಮಾರಿಬಿಡೋಣ, ಅಮ್ಮ ನಮ್ಮೊಡನೆ ಬೆಂಗಳೂರಿಗೆ ಬರಲಿ ಎಂದ. ತಾಯಿಗೆ ಅಲ್ಲಿ ನಾಲ್ಕನೆಯ ಅಂತಸ್ತು, ತುಳಸೀಕಟ್ಟೆಗೆ ಸ್ಥಳವಿಲ್ಲ. ಹಕ್ಕು ಬಿಡುಗಡೆ ಪತ್ರ ಬರೆಸಿಕೊಂಡು ಅನಂತರ ತಾಯಿಯನ್ನು ಅನಾಥಳನ್ನಾಗಿ ಮಾಡಿದ ಮನೆಗಳನ್ನು ನಾವು ಕಂಡಿದ್ದೇವೆ. ಇಲ್ಲಿ ಹಾಗಾಗಲಿಲ್ಲವೆಂಬುದು ಹಿರಿಯರ ಪುಣ್ಯ. ಸಂಘದ ಬಾಕಿಯನ್ನು ಮಗ ಗಡುವಿನೊಳಗೆ ಕಟ್ಟಿದ. ಬಳೆಗಳನ್ನು ಮಗಳು ಬಿಡಿಸಿದಳು. ಪ್ರೋನೋಟಿನ ವಿಷಯದಲ್ಲಿ, ದಾಮದುಪ್ಪಟ್ಟಿನ ಎಲ್ಲೆಯನ್ನು ಮನಸ್ಸಿನಲ್ಲಿಟ್ಟುಕೊಂಡು, ಅಸಲು ಬಡ್ಡಿ ಎಲ್ಲವೂ ಸೇರಿ 1,60,000ಕ್ಕೆ ಮೀರಬಾರದೆಂದು ಊರಿನ ಇಬ್ಬರು ಹಿರಿಯರು ರಾಜಿ ಹೇಳಿದರು. ಸಂದಾಯವಾದ 1,10,000 ಕಳೆದು 50,000 ರೂಪಾಯಿಯನ್ನು ಎರಡು ಕೀಳಿನ ಕಾಯಿಯ ಹಣದಿಂದ, ಎಂದರೆ ಯಜಮಾನರ ತೋಟದಿಂದಲೇ, ಕೊಟ್ಟದ್ದಾಯಿತು. ಕೊಡುವಾಗ ಹಳೆಯ ಪ್ರೋನೋಟನ್ನು ಹಿಂದಕ್ಕೆ ಪಡೆದು, ಪೂರ್ಣ ಸಂದಾಯವೆಂದು ಬರೆಸಿ, ಸಾಕ್ಷಿ ಹಾಕಿಸಿದೆವು. ಬಾಯಿಮಾತಿನ ಸಾಲ ತೀರಿತೆಂಬ ನಂಬಿಕೆಯಿಂದ ಕಾಗದವನ್ನು ಅವರ ಪೆಟ್ಟಿಗೆಯಲ್ಲಿಯೇ ಬಿಟ್ಟುಬಂದರೆ ಅದು ಇನ್ನೊಂದು ತಲೆಮಾರಿನಲ್ಲಿ ಎದ್ದುಬರುತ್ತದೆ.

ಉಪನ್ಯಾಸದ ಕೊನೆಯಲ್ಲಿ ಇಬ್ಬರು ಮಹನೀಯರು ಪ್ರಶ್ನೆ ಕೇಳಿದರು. ಅವೂ ಇಲ್ಲಿ ಬರಲಿ.

ಸ್ವಾಮಿಯೇ ಕುಬೇರನಿಂದ ಕಲ್ಯಾಣಕ್ಕಾಗಿ ಸಾಲ ಮಾಡಿ ಇಂದಿಗೂ ಬಡ್ಡಿ ಕಟ್ಟುತ್ತಿದ್ದಾನಲ್ಲ, ನಾವು ಮಾಡಿದರೆ ತಪ್ಪೇನೆಂದು ಒಬ್ಬರು ನಗುತ್ತ ಕೇಳಿದರು. ತಿರುಮಲೆಯ ಆ ಪತ್ರಕ್ಕೆ ಬ್ರಹ್ಮರುದ್ರರೂ ಅಶ್ವತ್ಥವೃಕ್ಷವೂ ಸಾಕ್ಷಿಯೆಂದು ಪ್ರತೀತಿ. ಶ್ರೀನಿವಾಸನು ಸ್ವಂತ ರುಜು ಮಾಡಿದ, ತಾನೇ ನಿಂತು ತೀರಿಸುತ್ತಿದ್ದಾನೆ. ಪದ್ಮಾವತಿಯ ತಲೆಗೆ ಕಟ್ಟಲಿಲ್ಲವೆಂದು ನಾನೂ ನಗುತ್ತಲೇ ಉತ್ತರಿಸಿದೆ. ಸಾಲ ಮಾಡುವವರು ಹೆಂಡತಿಗೆ ಅದರ ಲೆಕ್ಕವನ್ನು ಬದುಕಿರುವಾಗಲೇ ಹೇಳಿಡಲಿ. ಪಂಚಾಂಗದ ಅಂಚಿನಲ್ಲಾದರೂ ಬರೆದಿಡಲಿ.

ಇನ್ನೊಬ್ಬರ ಪ್ರಶ್ನೆ ಗಂಭೀರವಾದುದು. ತಂದೆಯ ಸಾಲ ಬಾಕಿಯಿರುವಾಗ ಗಯೆಗೆ ಹೋಗಿ ಶ್ರಾದ್ಧ ಮಾಡಬಹುದೇ, ಅಥವಾ ಆ ಹಣವನ್ನು ಮೊದಲು ಸಾಲಕ್ಕೆ ಕೊಡಬೇಕೇ? ಗಯೆಯ ಮಹಿಮೆಯನ್ನು ಕಡಮೆ ಮಾಡಿ ಹೇಳುವ ಅಧಿಕಾರ ನನಗಿಲ್ಲ. ಆದರೆ ಶ್ರಾದ್ಧಕ್ಕೆ ದ್ರವ್ಯವು ನ್ಯಾಯಾರ್ಜಿತವಾಗಿರಬೇಕೆಂಬುದರಲ್ಲಿ ಎರಡು ಮಾತಿಲ್ಲ. ಕೂಲಿಯವನಿಗೆ ಸಲ್ಲಬೇಕಾದ ಹಣ ನಮ್ಮ ಪೆಟ್ಟಿಗೆಯಲ್ಲಿದ್ದರೆ ಅದು ನಮ್ಮದಲ್ಲ. ಅದರಿಂದ ಕೊಂಡ ರೈಲಿನ ಟಿಕೀಟೂ ನಮ್ಮದಲ್ಲ. ಶಕ್ತಿಯಿಲ್ಲದವನು ತಿಲೋದಕದಿಂದಲೇ ಪಿತೃಗಳನ್ನು ತೃಪ್ತಿಪಡಿಸಬಹುದೆಂದು ಶಾಸ್ತ್ರವೇ ಅವಕಾಶ ಕೊಟ್ಟಿರುವಾಗ, ಸಾಲ ಮಾಡಿ ಸಮಾರಾಧನೆಯನ್ನು ಬೆಳೆಸುವುದೂ ಆ ಸಾಲವನ್ನು ಮತ್ತೆ ಆ ವಿಧವೆಯ ತಲೆಗೇ ಬಿಡುವುದೂ ಯಾವ ಗ್ರಂಥದಲ್ಲಿದೆಯೋ ತೋರಿಸಬೇಕು. ಪುರೋಹಿತರ ಮಗನಾದ ನಾನು ಇದನ್ನು ಹೇಳಿದುದಕ್ಕೆ ಸಭೆಯಲ್ಲಿದ್ದ ನಮ್ಮ ತಂದೆಯವರು ಏನೆನ್ನುವರೋ ಎಂಬ ಅಳುಕಿತ್ತು. ಅವರು ಎದ್ದು, ಈ ಪಕ್ಷದಲ್ಲಿ ಅಂಥ ಮನೆಗಳಿಗೆ ಎಳ್ಳು ದರ್ಭೆಗಳನ್ನು ತಾವೇ ತೆಗೆದುಕೊಂಡು ಹೋಗುವುದಾಗಿಯೂ ದಕ್ಷಿಣೆಯ ಮಾತು ಬೇಡವೆಂದೂ ತಿಳಿಸಿದರು. ಹೆಸರುಗಳನ್ನು ಅಮಾವಾಸ್ಯೆಗೆ ಮೂರು ದಿನ ಮುಂಚಿತವಾಗಿ ದೇವಸ್ಥಾನದಲ್ಲಿ ತಿಳಿಸಬಹುದು.

॥ ಶ್ರೀಕೃಷ್ಣಾರ್ಪಣಮಸ್ತು ॥